ಒಂಟಿತನಕ್ಕೆ ಆನ್‌ಲೈನ್ ಪ್ರಾರ್ಥನಾ ಕೂಟ: ಸೇರಿ ನೋಡಿದವರು ಹೇಳಿ

ಕೇಳಿದವರು: ಕಲಬುರಗಿ, ಸೇಡಂ ರಸ್ತೆ

ಬೆಂಗಳೂರಿನ ಕಂಪನಿಯೊಂದಕ್ಕೆ ಕೋಣೆಯಲ್ಲೇ ಕುಳಿತು ಕೆಲಸ ಮಾಡುತ್ತೇನೆ. ಊರು ಚಿಂಚೋಳಿ ಕಡೆ. ದಿನವಿಡೀ ಪರದೆಯ ಮೇಲೆ ಮುಖಗಳಿರುತ್ತವೆ, ಆದರೆ ಸ್ವಂತ ಮಾತೊಂದನ್ನೂ ಆಡದೆ ರಾತ್ರಿಯಾಗುತ್ತದೆ. ಭಾನುವಾರ ಚರ್ಚಿಗೆ ಹೋಗುತ್ತೇನೆ. ಅಲ್ಲಿ ಎಲ್ಲರೂ ಸಂಸಾರಸ್ಥರು, ಆಶೀರ್ವಾದ ಮುಗಿಯುತ್ತಲೇ ಸ್ಕೂಟರ್ ಹತ್ತುತ್ತಾರೆ. ಕನ್ನಡದಲ್ಲಿ, ರಾತ್ರಿ ಒಂಬತ್ತರ ನಂತರ ನಡೆಯುವ, ಹಣ ಕೇಳದ ಆನ್‌ಲೈನ್ ಕೂಟ ಯಾವುದಾದರೂ ಇದೆಯೇ? ಅದರಿಂದ ಒಂಟಿತನ ನಿಜವಾಗಿ ಕಡಿಮೆಯಾಯಿತೇ?

ಬೀದರ್, ನಿವೃತ್ತ ಶಿಕ್ಷಕಿ

ಕಡಿಮೆಯಾಗುತ್ತದೆ, ಸಂದೇಹವೇ ಬೇಡ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ನಿಮ್ಮ ಕಲಬುರಗಿಯಲ್ಲೇ ಆಯಿತಲ್ಲ, ಆ ತಿಂಗಳು ಮುಗಿಯುವುದರೊಳಗೆ ನಮ್ಮ ಚರ್ಚಿಗೂ ಬೀಗ ಬಿತ್ತು. ಮಹಿಳಾ ಸಮಾಜದವರು ಬೆಳಗಿನ ಐದು ಗಂಟೆಯ ಪ್ರಾರ್ಥನೆಯನ್ನು ಝೂಮ್‌ನಲ್ಲಿ ಆರಂಭಿಸಿದೆವು. ಚರ್ಚ್ ತೆರೆದ ಮೇಲೂ ಅದನ್ನು ನಿಲ್ಲಿಸಲಿಲ್ಲ, ಇಂದಿಗೂ ನಡೆಯುತ್ತಿದೆ.

ಸುಲಭವಾಗಿ ಆಯಿತೆಂದು ತಿಳಿಯಬೇಡಿ. ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಸಂಪರ್ಕ ಕಡಿದುಹೋಗುತ್ತದೆ. ಸ್ತುತಿಗೀತೆಗೇ ಕಾಲು ಗಂಟೆ ಹೋದರೆ, ರೋಗಿಗಳ ಹೆಸರು ಹೇಳಿ ಪ್ರಾರ್ಥಿಸುವ ಹೊತ್ತಿಗೆ ಸರಿಯಾಗಿ ಪರದೆ ಕಪ್ಪಾಗುತ್ತಿತ್ತು. ಮತ್ತೆ ಕೊಂಡಿ ಕಳುಹಿಸಿದರೆ ಅರ್ಧ ಜನ ಮರಳುತ್ತಿರಲಿಲ್ಲ, ಉಳಿದರ್ಧ ‘ಅಮೆನ್ ಆಯಿತೇ?’ ಎಂದು ನನಗೆ ಫೋನ್ ಮಾಡುತ್ತಿದ್ದರು. ಹಣ ಕೊಟ್ಟು ಖಾತೆ ತೆಗೆಯೋಣವೆಂದರೆ ಯಾರ ಬಳಿಯೂ ಕ್ರೆಡಿಟ್ ಕಾರ್ಡ್ ಇಲ್ಲ. ಪುಣೆಯಲ್ಲಿರುವ ಮಗನ ಕಾರ್ಡಿನಿಂದ ಕಟ್ಟಿಸಿದೆ, ಅದರ ಮೇಲೆ ಜಿಎಸ್‌ಟಿ ಬೇರೆ. ತಲಾ ಐವತ್ತು ರೂಪಾಯಿ ವಂತಿಗೆಯೆಂದು ತೀರ್ಮಾನಿಸಿದೆವು. ಕೊಟ್ಟವರ ಹೆಸರು, ಕೊಡದವರ ಹೆಸರು ಎರಡೂ ನನ್ನ ಪುಸ್ತಕದಲ್ಲಿವೆ. ಮೈಕ್ ಮುಚ್ಚಿ ಎಂದು ಎಷ್ಟು ಹೇಳಿದರೂ ಕುಕ್ಕರ್ ಸೀಟಿ ತಪ್ಪಲಿಲ್ಲ. ಒಬ್ಬ ಸಹೋದರಿಯ ಗೊರಕೆಯನ್ನು ಇಡೀ ಸಭೆ ಕೇಳಿದೆ.

ಆದರೆ ನನ್ನ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದಾಗ ಲಾತೂರಿನಿಂದ ಬಸ್ ಹತ್ತಿ ಬಂದು ವಾರವಿಡೀ ರೊಟ್ಟಿ ಬಡಿದು ಹಾಕಿದವರು ಆ ಝೂಮ್‌ನಲ್ಲೇ ಪರಿಚಯವಾದವರು. ಪಕ್ಕದ ಬೀದಿಯ ನಮ್ಮ ಚರ್ಚಿನವರು ಸೇಬು ತಂದಿಟ್ಟು ಹೋದರು.

ಯಾದಗಿರಿ

ಹಣ ಕೇಳದ ಕೂಟ ಬೇಕಂತೆ! ಮೊದಲ ವಾರ ಯಾರೂ ಕೇಳುವುದಿಲ್ಲ. ನನ್ನ ಲೆಕ್ಕ ಕೇಳಿ. ಯೂಟ್ಯೂಬ್ ನೇರಪ್ರಸಾರದಲ್ಲಿ ಒಬ್ಬ ಬೋಧಕ ನನ್ನ ಹೆಸರು ಹಿಡಿದು, ‘ಯಾದಗಿರಿಯ ಸಹೋದರನೇ, ನಿನ್ನ ಕಣ್ಣೀರನ್ನು ಕರ್ತನು ನೋಡಿದ್ದಾನೆ’ ಎಂದ. ನಾನೇ ಅಲ್ಲಿ ಊರಿನ ಹೆಸರು ಬರೆದಿದ್ದೆ, ಓದಿ ಹೇಳಿದ, ಅಷ್ಟೇ. ಮರುದಿನ ವಾಟ್ಸಾಪ್ ಗುಂಪು. ಮೊದಲು ಕಾಣಿಕೆ 501. ಪ್ರಾರ್ಥನೆ ಮಾಡಿದ ಎಣ್ಣೆ 350, ಕೊರಿಯರ್ 80. ಬಂದದ್ದು ಅಂಗಡಿಯ ಕೊಬ್ಬರಿ ಎಣ್ಣೆ, ಸೀಸೆಯ ಮೇಲೆ ಚೀಟಿ ಕಿತ್ತ ಗುರುತು ಇನ್ನೂ ಇತ್ತು. ಆಮೇಲೆ ‘ಬೀಜ ಕಾಣಿಕೆ’ (ಬಿತ್ತಿದರೆ ದೇವರು ಹಲವು ಪಟ್ಟು ಕೊಡುತ್ತಾನಂತೆ) 5,000. ಹತ್ತಿ ಮಾರಿದ ತಿಂಗಳು ಅವನಿಗೆ ಹೇಗೆ ತಿಳಿಯಿತೋ, ಪ್ರಾರ್ಥನಾ ಮಂದಿರದ ಛಾವಣಿಗೆಂದು 11,000. ಒಟ್ಟು 16,931 ರೂಪಾಯಿ. ಅಪ್ಪ ಆಸ್ಪತ್ರೆ ಸೇರಿದ ರಾತ್ರಿ ಪ್ರಾರ್ಥನೆಗೆ ಕರೆ ಮಾಡಿದೆ. ಎತ್ತಲಿಲ್ಲ. ಬೆಳಗ್ಗೆ ನೋಡಿದರೆ ಗುಂಪಿನಿಂದಲೇ ನನ್ನನ್ನು ತೆಗೆದಿದ್ದ. ‘ಯಾಕೆ ಕೊಟ್ಟೆ’ ಎಂದು ಯಾರೂ ಕೇಳಬೇಡಿ. ನಂಬಿ ಕೊಟ್ಟವನನ್ನು ಕೇಳುವ ಪ್ರಶ್ನೆಯಲ್ಲ ಅದು.

ಐವತ್ತು ರೂಪಾಯಿಯ ಪುಸ್ತಕ ಇಟ್ಟವರನ್ನು ನೋಡಿದರೂ ನನಗೆ ಈಗ ಭಯವಾಗುತ್ತದೆ.

ಬೀದರ್, ನಿವೃತ್ತ ಶಿಕ್ಷಕಿ

ನನ್ನ ಪುಸ್ತಕವನ್ನು ಯಾರು ಬೇಕಾದರೂ ಬಂದು ನೋಡಬಹುದು. ಕೊಬ್ಬರಿ ಎಣ್ಣೆಯ ಜೊತೆ ಅದನ್ನು ಸೇರಿಸಬೇಡಿ.

ಕಲಬುರಗಿ, ಕಥೋಲಿಕ

ನಿಮ್ಮಿಬ್ಬರ ಜಗಳದಲ್ಲಿ ಮುಖ್ಯ ವಿಷಯವೇ ಬಿಟ್ಟುಹೋಗಿದೆ. ಅಂತರ್ಜಾಲದಲ್ಲಿ ಸಂಸ್ಕಾರಗಳಿಲ್ಲ (ದೀಕ್ಷಾಸ್ನಾನ, ಪರಮಪ್ರಸಾದದಂಥ ಪವಿತ್ರ ವಿಧಿಗಳಿಲ್ಲ) ಎಂದು ವ್ಯಾಟಿಕನ್ 2002ರಲ್ಲೇ, ಅಂದರೆ ಬಿಷಪರ ಆಡಳಿತದ ನಮ್ಮ ಗುಲ್ಬರ್ಗ ಧರ್ಮಕ್ಷೇತ್ರ ಹುಟ್ಟುವುದಕ್ಕೂ ಮೂರು ವರ್ಷ ಮೊದಲು, ದಾಖಲೆ ಹೊರಡಿಸಿ ಹೇಳಿದೆ. ಇದು ನನಗೆ ಓದಿನಿಂದ ಅರ್ಥವಾದದ್ದಲ್ಲ. ಅಮ್ಮ ಪಾರ್ಶ್ವವಾಯು ಬಡಿದು ಮಲಗಿದ್ದರು. ಚರ್ಚಿನ ಆರಾಧನೆಯಾದ ಬಲಿಪೂಜೆ ಕಾಣಲೆಂದು 32 ಅಂಗುಲದ ಟಿವಿ ತಂದು ಮಂಚದ ಎದುರು ಗೋಡೆಗೆ ಹಾಕಿಸಿದೆ. ಟಿವಿಯ ಬೆಲೆ ಒಂದು ಕಡೆ, ಬೇಸಿಗೆಯಲ್ಲಿ ವಿದ್ಯುತ್ ಹೋಗುತ್ತದೆಂದು ಇನ್ವರ್ಟರ್ ಹಾಕಿಸಿದ್ದು ಅದಕ್ಕಿಂತ ದುಬಾರಿ. ಗುರುಗಳು ಬಾಯಿಗಿಡುವ ಪರಮಪ್ರಸಾದದ ಹೊತ್ತಿಗೆ ಅಮ್ಮ ಟಿವಿಯ ಕಡೆಗೆ ಬಾಯಿ ತೆರೆದರು. ತೆರೆದೇ ಇದ್ದರು. ಅಂದೇ ಸಂಜೆ ಗುರುಗಳ ಬಳಿ ಹೋದೆ, ಆ ವಾರದಿಂದ ಮನೆಗೇ ಪರಮಪ್ರಸಾದ ಬಂತು.

ಬೈಬಲಿನಲ್ಲಿ ಯೋಹಾನನ ಎರಡನೆಯ ಪತ್ರದ 12ನೆಯ ವಚನ ನೋಡಿ. ಬರೆಯುವುದು ಬಹಳವಿದ್ದರೂ ಕಾಗದ, ಮಸಿ ಬೇಡ, ಮುಖಾಮುಖಿಯಾಗಿ ಮಾತನಾಡುತ್ತೇನೆ ಎನ್ನುತ್ತಾನೆ. ಕೋಣೆಯಲ್ಲಿ ಕುಳಿತ ತಮ್ಮನಿಗೆ ಹೇಳುವುದು ಇಷ್ಟೇ: ಹೊರಗೆ ಬನ್ನಿ.

ಭಾಲ್ಕಿ (ಈಗ ಸೌದಿ), ನರ್ಸ್

ಹೊರಗೆ ಬನ್ನಿ ಎನ್ನುವುದು ಹೊರಗೆ ಚರ್ಚ್ ಇರುವವರಿಗೆ ಸುಲಭ. ಇಡೀ ಸೌದಿಯಲ್ಲಿ ಒಂದು ಚರ್ಚ್ ಇಲ್ಲ, ಬಹಿರಂಗ ಆರಾಧನೆಗೆ ಅನುಮತಿಯೂ ಇಲ್ಲ. ಬಂದ ಹೊಸದರಲ್ಲಿ ರಾತ್ರಿ ಪಾಳಿ ಮುಗಿಸಿ ವಸತಿಗೃಹದಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು, ತುಟಿ ಅಲುಗಾಡಿಸದೆ ಹಾಡಿದ್ದೇನೆ. ಶಿಕ್ಷಕಿಯವರ ಬೆಳಗಿನ ಐದು ನನಗೆ ನಡುರಾತ್ರಿಯ ಎರಡೂವರೆ. ನಿಮ್ಮ ಭಾನುವಾರ ನಮಗೆ ಕೆಲಸದ ದಿನ, ರಜೆ ಶುಕ್ರವಾರ. ತಂಗಿಯ ಮದುವೆ ನೋಡಿದ್ದೂ ಫೋನಿನಲ್ಲೇ. ವರನ ಮುಖ ಬರುವಷ್ಟರಲ್ಲಿ ಹಿಡಿದವನು ಶಾಮಿಯಾನ ತೋರಿಸಿಬಿಟ್ಟ. ಫೋನಿನ ಕೊರತೆ ಏನೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ.

ಕಥೋಲಿಕ ಸಹೋದರರೇ, ಕಾಗದ, ಮಸಿ ಬೇಡವೆಂದ ಯೋಹಾನ ಅದನ್ನು ಬರೆದದ್ದು ಯಾವುದರಲ್ಲಿ? ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಸೆರೆಮನೆಯಿಂದ ಪತ್ರ ಬರೆದ. ಅವರೇನು ‘ನೀನೇ ಬಂದರೆ ಓದುತ್ತೇವೆ’ ಎಂದರೇ?

ಹುಮನಾಬಾದ್

ಬೋಧಕರು, ಸಂಸ್ಕಾರ ಎಲ್ಲ ಇರಲಿ. ಕ್ಯಾಮೆರಾ ತೆರೆಯುವ ಮುನ್ನ ಯೋಚಿಸಿ ಎಂದು ಯಾರೂ ಹೇಳಲಿಲ್ಲವಲ್ಲ. ನಾವು ಅಜ್ಜಿಯ ಕಾಲದಿಂದ ಚರ್ಚಿಗೆ ಹೋಗುವವರು, ಕಾಗದದಲ್ಲಿ ಪರಿಶಿಷ್ಟ ಜಾತಿ. ನಾನು ದೀಕ್ಷಾಸ್ನಾನ ಪಡೆದಿಲ್ಲ. ಆನ್‌ಲೈನ್ ಯುವಕರ ಕೂಟದ ನಾಯಕರೊಬ್ಬರು ಎಲ್ಲರ ಮುಖವಿರುವ ಪರದೆಚಿತ್ರ ತೆಗೆದು, ಹೆಸರು ಸಮೇತ ಫೇಸ್‌ಬುಕ್‌ಗೆ ಹಾಕಿದರು. ಸಂತೋಷಕ್ಕೆ ಹಾಕಿದ್ದಂತೆ. ನಮ್ಮೊಂದಿಗೆ ಹೊಲದ ಬದುವಿನ ತಕರಾರಿದ್ದ ಸಂಬಂಧಿಕನಿಗೆ ಅಷ್ಟೇ ಸಾಕಾಯಿತು. ನನಗೆ ನೌಕರಿಯ ಆಯ್ಕೆಪಟ್ಟಿಯಲ್ಲಿ ಹೆಸರು ಬಂದಿತ್ತು, ಜಾತಿ ಸಿಂಧುತ್ವ ಪ್ರಮಾಣಪತ್ರದ ಹಂತದಲ್ಲಿ ‘ಇವರು ಕ್ರೈಸ್ತರು’ ಎಂದು ತಕರಾರು ಅರ್ಜಿ ಬಿತ್ತು. ವಕೀಲರಿಗೆ ಮೊದಲ ಕಂತು ಎಂಟು ಸಾವಿರ. ನೋಟರಿ, ಅಜ್ಜನ ಶಾಲಾ ದಾಖಲೆಯ ನಕಲು, ಅದು ಉರ್ದುವಿನಲ್ಲಿದ್ದುದರಿಂದ ಅನುವಾದದ ಖರ್ಚು, ವಿಚಾರಣೆ ಮುಂದೂಡಿದಾಗಲೆಲ್ಲ ಬೀದರ್‌ಗೆ ಬಸ್ ಮತ್ತು ಊಟ. ಪ್ರಕರಣ ಇನ್ನೂ ಮುಗಿದಿಲ್ಲ. ಚಿತ್ರ ಹಾಕಿದವರು ‘ಪ್ರಾರ್ಥಿಸುತ್ತೇವೆ’ ಎಂದರು.

ಸೇರುವುದಾದರೆ ಬೇರೆ ಹೆಸರಿನಲ್ಲಿ, ಕ್ಯಾಮೆರಾ ಮುಚ್ಚಿ ಸೇರಿ.

ಬೀದರ್, ನಿವೃತ್ತ ಶಿಕ್ಷಕಿ

ಮುಖ ಮುಚ್ಚಿ, ಹೆಸರು ಬದಲಿಸಿ ಬಂದವರಿಗೆ ಯಾವ ಅನ್ಯೋನ್ಯತೆ ಸಿಗುತ್ತದೆ? ನಾವು ಯಾರಿಗಾಗಿ ಪ್ರಾರ್ಥಿಸಬೇಕು, ‘ಸ್ಯಾಮ್‌ಸಂಗ್ ಎ14’ಗಾಗಿಯೇ? ಹಾಗೆ ಫೋನಿನ ಹೆಸರಿನಲ್ಲೇ ಒಬ್ಬರು ನಿಜವಾಗಿಯೂ ಬರುತ್ತಾರೆ. ಕರ್ತನನ್ನು ಮನುಷ್ಯರ ಮುಂದೆ ಒಪ್ಪಿಕೊಳ್ಳುವುದು ಎಂಬುದೊಂದಿದೆ.

ಹುಮನಾಬಾದ್

ಪಿಂಚಣಿ ಬರುವವರಿಗೆ ಒಪ್ಪಿಕೊಳ್ಳುವುದು ಸುಲಭ. 1950ರ ರಾಷ್ಟ್ರಪತಿ ಆದೇಶದಲ್ಲಿ ಪರಿಶಿಷ್ಟ ಜಾತಿಯೆಂದರೆ ಹಿಂದೂಗಳು ಮಾತ್ರ ಎಂದಿತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರನ್ನು ಸೇರಿಸಲಿಲ್ಲ. ಚರ್ಚಿಗೆ ಹೋದ ಮೇಲೂ ಊರ ಹೋಟೆಲಿನಲ್ಲಿ ನನ್ನ ಲೋಟ ಬದಲಾಗಲಿಲ್ಲ, ಮೇಡಂ. ನಿಮ್ಮ ಸ್ಯಾಮ್‌ಸಂಗ್ ಯಾಕೆ ಮುಖ ತೋರಿಸುವುದಿಲ್ಲ ಎಂದು ಒಮ್ಮೆಯಾದರೂ ಕೇಳಿದ್ದೀರಾ?

ಯಾದಗಿರಿ

ಇವರು ಹೇಳಿದ್ದು ಸರಿ. ಚಿತ್ರ ಹಾಕುವುದು ಲೆಕ್ಕ ತೋರಿಸುವುದಕ್ಕೆ. ಎಷ್ಟು ಮುಖ, ಅಷ್ಟು ಕಾಣಿಕೆ.

ಬಸವಕಲ್ಯಾಣ

ಕನ್ನಡದ ಕೂಟ ಎಂದು ಕೇಳಿದ್ದಾರೆ, ಅದನ್ನು ಯಾರೂ ಗಮನಿಸಿಲ್ಲ. ನಾನು ಸೇರಿದ್ದಕ್ಕೆಲ್ಲ ಕನ್ನಡದ್ದೆಂದೇ ಹೆಸರಿತ್ತು. ಬೋಧನೆ ಕನ್ನಡ, ಹಾಡು ತೆಲುಗು, ಪ್ರಕಟಣೆ ಹಿಂದಿ. ಜಹೀರಾಬಾದಿನಿಂದ ಒಬ್ಬರು ಬಂದರೆ ಸಾಕು, ನಲವತ್ತು ಕನ್ನಡಿಗರೂ ತೆಲುಗಿಗೆ ತಿರುಗುತ್ತಾರೆ. ಹಾಡಿನ ಸಾಲುಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಪರದೆಗೆ ಹಾಕುತ್ತಾರೆ, ಅರ್ಥವಾಗದೆ ಬಾಯಿ ಆಡಿಸುವುದು ಎಂಥ ಆರಾಧನೆ?

ಬೀದರ್, ನಿವೃತ್ತ ಶಿಕ್ಷಕಿ

1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದವರು. ನಮ್ಮ ಅಜ್ಜಿ ಮೆದಕ್ ಚರ್ಚಿಗೆ ಹೋಗಿ ಕಲಿತು ಬಂದ ಹಾಡುಗಳವು. ಬೆಂಗಳೂರಿನಿಂದ ಬಂದವರು ಬರೆದ ಹಾಡುಗಳಿಗಿಂತ ನಮಗೆ ಅವೇ ಹತ್ತಿರ.

ಬಸವಕಲ್ಯಾಣ

ಹತ್ತಿರವಿದ್ದರೆ ತೆಲುಗು ಕೂಟ ಎಂದೇ ಹೆಸರಿಡಿ.

ಕಲಬುರಗಿ, ಕಥೋಲಿಕ

ನರ್ಸ್ ಸಹೋದರಿಗೆ: ಸೌದಿಯ ಪರಿಸ್ಥಿತಿ ಬೇರೆ, ಒಪ್ಪುತ್ತೇನೆ. ಸೇಡಂ ರಸ್ತೆಗೆ ಅದು ಅನ್ವಯಿಸುವುದಿಲ್ಲ.

ಭಾಲ್ಕಿ (ಈಗ ಸೌದಿ), ನರ್ಸ್

ಸೇಡಂ ರಸ್ತೆಯವರು ಪ್ರತಿ ಭಾನುವಾರ ಚರ್ಚಿಗೆ ಹೋಗುತ್ತೇನೆಂದು ಮೊದಲೇ ಬರೆದಿದ್ದಾರೆ. ಓದಿ. ಹೋದವರನ್ನು ಯಾರೂ ಮಾತನಾಡಿಸಲಿಲ್ಲ ಎಂಬುದೇ ಅವರ ದೂರು. ನಿಮ್ಮ ಚರ್ಚಿನಲ್ಲಿ ಕೊನೆಯ ಬೆಂಚಿನವರನ್ನು ನೀವು ಮಾತನಾಡಿಸುತ್ತೀರಾ?

ಕೇಳಿದವರು: ಕಲಬುರಗಿ, ಸೇಡಂ ರಸ್ತೆ

ಎಲ್ಲರಿಗೂ ವಂದನೆಗಳು. ರಾತ್ರಿ ಒಂಬತ್ತರ ನಂತರದ್ದು ಯಾವುದಾದರೂ ಇದೆಯೇ?

ಬೀದರ್, ನಿವೃತ್ತ ಶಿಕ್ಷಕಿ

ಬೆಳಗ್ಗೆ ಐದಕ್ಕೆ ಎದ್ದು ನೋಡಿ. ರಾತ್ರಿ ಒಂಬತ್ತಕ್ಕೆ ಒಂಟಿತನವೇ ಇರುವುದಿಲ್ಲ, ನಿದ್ದೆ ಬಂದಿರುತ್ತದೆ.

ಯಾದಗಿರಿ

ಈಗ ಯಾರಾದರೂ ನಿಮಗೆ ಖಾಸಗಿಯಾಗಿ ‘ಸಹೋದರರೇ, ಸಂಖ್ಯೆ ಕಳುಹಿಸಿ’ ಎಂದು ಬರೆಯುತ್ತಾರೆ. ಕಳುಹಿಸಬೇಡಿ.

ಭಾಲ್ಕಿ (ಈಗ ಸೌದಿ), ನರ್ಸ್

ಗುರುವಾರ ನಿಮ್ಮ ಒಂಬತ್ತೂವರೆ ನಮಗೆ ಏಳು. ಪಾಳಿ ಇಲ್ಲದ ನರ್ಸ್‌ಗಳು ಸೇರುತ್ತೇವೆ, ಊರಿನಿಂದ ಕೆಲವರು ಬರುತ್ತಾರೆ. ಅರ್ಧ ಗಂಟೆ ಪ್ರಾರ್ಥನೆ, ಆಮೇಲೆ ಸುಮ್ಮನೆ ಹರಟೆ. ಕಾಣಿಕೆ ಇಲ್ಲ. ಕ್ಯಾಮೆರಾ ನಿಮ್ಮಿಷ್ಟ, ಚಿತ್ರ ತೆಗೆದವರನ್ನು ಹೊರಗೆ ಹಾಕುತ್ತೇವೆ. ಹುಮನಾಬಾದ್‌ನವರೂ ಬರಬಹುದು.

ಬಸವಕಲ್ಯಾಣ

ಹಾಡು ಯಾವ ಭಾಷೆಯಲ್ಲಿ?

ಭಾಲ್ಕಿ (ಈಗ ಸೌದಿ), ನರ್ಸ್

ಕನ್ನಡ, ತೆಲುಗು, ಜೊತೆಗೆ ಮಲಯಾಳಂ. ಬೇಡವಾದರೆ ಬರಬೇಡಿ.