ಸಹಾಯ ಬೇಕು: ಮಳಿ ನೀರು ಬತ್ತಿದ ಬೋರಿಗೆ ಬಿಡಬೇಕೋ, ಹಳೇ ಬಾವಿಗೋ? (ಬೀದರ್)

ನಮಸ್ಕಾರ್ರಿ. ನಮ್ಮ ಮನಿ ಬೀದರ್‌ನ ನೌಬಾದ್ ಕಡೆ. 400 ಅಡಿ ಬೋರು ಮಾರ್ಚಿನಾಗೇ ಕೈಕೊಟ್ಟದ. ಮೋಟಾರ್ ಹಾಕಿದ್ರ ಎರಡು ಕೊಡ ಕೆಂಪು ನೀರು, ಆಮೇಲೆ ಬರೀ ಗಾಳಿ. ಪೈಪ್ ಇನ್ನೂ ಕೆಳಗ ಇಳಿಸಿ ನೋಡಿದೆವು, ಆಗಲಿಲ್ಲ. ಈಗ ಟ್ಯಾಂಕರೇ ಗತಿ. ಅವ್ವ ಅಕ್ಕಿ ತೊಳೆದ ನೀರೂ ಚೆಲ್ಲದೆ ಕರಿಬೇವಿನ ಗಿಡಕ್ಕೆ ಹಾಕ್ತಾಳ.

ಮಾಳಗಿ 1200 ಚದರ ಅಡಿ. 10 ಮಿ.ಮೀ. ಮಳಿ ಬಿದ್ರೂ 1,100 ಲೀಟರ್ ಹತ್ತಿರ ನೀರು ಗಟಾರಕ್ಕೆ ಹೋಗ್ತದ, ಹೊಟ್ಟಿ ಉರೀತದ. ಬೋರಿನವರು ಕೇಸಿಂಗಿಗೆ (ಬೋರಿನ ಮ್ಯಾಲಿನ ಭಾಗಕ್ಕ ಇಳಿಸಿದ ಪೈಪು) ತೂತು ಹಾಕಿ, ಸುತ್ತ ಗುಂಡಿ ತೋಡಿ ಜಲ್ಲಿ, ಉಸುಕು ತುಂಬರಿ ಅಂತಾರ. ಕಾಕಾ ಹಿತ್ತಲದ ಬಾವಿಗೇ ಬಿಡು ಅಂತಾರ: ಮ್ಯಾಲಿನ ಜಂಬಿಟ್ಟಿಗಿ ಕಲ್ಲು ನೀರು ಕುಡೀತದ, ಕೆಳಗಿನ ಕರಿಕಲ್ಲು ತಡೀತದ, ಬಹಮನಿ ಕಾಲದ ಕರೇಜಿಗೆ (ನೆಲದೊಳಗಿನ ನೀರಿನ ಸುರಂಗ) ನೀರು ಬಂದದ್ದೂ ಹಂಗೇ. ಅದು ಖರೆ ಅನಸ್ತದ. ಆದ್ರ ಬಾವಿಗೆ ಬಿಟ್ಟ ನೀರು ಬೋರಿನ ಆಳಕ್ಕ ಮುಟ್ತದೇನು?

ನಮ್ಮ ಕಡೆ ಮಾಡಿಸಿದವರು ಹೇಳ್ರಿ: ಎರಡರಾಗ ಯಾವುದು ಮಾಡಸ್ಲಿ?