ಸಹಾಯ ಬೇಕು: ತಂಡವಿಲ್ಲದೆ ಎರಡು ದಿನ ಕ್ರೈಟೀರಿಯಂ ರೇಸ್

ಎಲ್ಲರಿಗೂ ನಮಸ್ಕಾರ. ಈ ಶನಿವಾರ, ಭಾನುವಾರ ಎರಡೂ ದಿನ ಕ್ರೈಟೀರಿಯಂ ರೇಸ್ ಇದೆ, ಅಂದರೆ ಒಂದೇ ಸರ್ಕ್ಯೂಟನ್ನು ಮತ್ತೆ ಮತ್ತೆ ಸುತ್ತುವ ಸೈಕಲ್ ರೇಸ್. ನನಗೆ ತಂಡ ಇಲ್ಲ, ಒಬ್ಬನೇ. ಎರಡೂ ದಿನ 40 ನಿಮಿಷ, ಅದರ ಮೇಲೆ 3 ಸುತ್ತು. ಸಣ್ಣ ಸರ್ಕ್ಯೂಟ್, ನಾಲ್ಕು ತಿರುವು.

ಹೋದ ಸಲ ಗುಂಪಿನ ಹಿಂದೆ ಸಿಕ್ಕಿಕೊಂಡೆ. ಮುಂದಿನವರು ತಿರುವಿನಲ್ಲಿ ಸ್ವಲ್ಪ ಬ್ರೇಕ್ ಹಿಡಿದರೆ ಹಿಂದಿರುವವರು ಜಾಸ್ತಿ ಹಿಡಿಯಬೇಕಾಗುತ್ತದೆ. ತಿರುವು ದಾಟಿದ ಕೂಡಲೇ ಅವರನ್ನು ಹಿಡಿಯಲು ಮತ್ತೆ ಸ್ಪ್ರಿಂಟ್. ಪ್ರತಿ ಸುತ್ತಿಗೂ ನಾಲ್ಕು ಸಲ ಹೀಗಾದರೆ ಕಾಲಲ್ಲಿ ಏನು ಉಳಿಯುತ್ತದೆ ಹೇಳಿ? ಕೊನೆಯ 5 ಸುತ್ತು ಬರುವಷ್ಟರಲ್ಲಿ ನನ್ನ ಶಕ್ತಿ ಮುಗಿದಿತ್ತು. ತುಂಬಾ ಬೇಜಾರಾಯಿತು.

ಮೊದಲ ಹತ್ತು-ಹದಿನೈದು ಜನರೊಳಗೆ ಇರಬೇಕು ಅಂತ ಗೊತ್ತು. ಆದರೆ ಅಲ್ಲಿ ಉಳಿಯುವುದು ಹೇಗೆ? ತಂಡದಲ್ಲಿರುವವರಿಗೆ ಗಾಳಿ ತಡೆಯಲು ಜೊತೆಗಾರರಿರುತ್ತಾರೆ. ನಾನು ಗಾಳಿಗೆ ಮೈಯೊಡ್ಡಿ ಮುಂದೆ ಹೋಗುತ್ತೇನೆ, ಎರಡೇ ಸುತ್ತಿಗೆ ಮತ್ತೆ ಹಿಂದೆ. ನೀವು ಮುಂದೆ ಸರಿಯುವುದು ನೇರ ರಸ್ತೆಯಲ್ಲೋ, ತಿರುವಿಗೆ ಸ್ವಲ್ಪ ಮುಂಚೆಯೋ? ಪ್ರೈಮ್ ಸ್ಪ್ರಿಂಟ್ (ರೇಸ್ ನಡುವೆ ಬಹುಮಾನಕ್ಕಾಗಿ ನಡೆಯುವ ಸ್ಪ್ರಿಂಟ್) ಮುಗಿದು ಎಲ್ಲರೂ ಉಸಿರು ತೆಗೆದುಕೊಳ್ಳುವಾಗ ಒಂಟಿಯಾಗಿ ದಾಳಿ ಮಾಡುವುದೇ, ಅಂದರೆ ಗುಂಪು ಬಿಟ್ಟು ಜೋರಾಗಿ ಮುಂದೆ ಹೋಗುವುದೇ ಸರಿ ಅಂತ ನನಗನ್ನಿಸುತ್ತದೆ. ಯಾರಾದರೂ ಮಾಡಿ ನೋಡಿದ್ದೀರಾ?

ಮಳೆ ಬಂದರೆ ಟೈರ್ ಗಾಳಿ ಎಷ್ಟು ಇಳಿಸಬೇಕು? ನನ್ನದು 28 ಮಿಲಿಮೀಟರ್ ಟೈರ್, ಒಣ ರಸ್ತೆಗೆ 75 ಪಿಎಸ್ಐ ಹಾಕುತ್ತೇನೆ. ಪಿಟ್‌ನಲ್ಲಿ (ರೇಸ್ ನಡುವೆ ಚಕ್ರ ಬದಲಿಸುವ ಜಾಗ) ಬಿಡಿ ಚಕ್ರಗಳನ್ನು ನಾನೇ ಇಟ್ಟು ಹೋಗಬೇಕು, ಹಿಂದಿನ ಚಕ್ರ ಒಂದಿದ್ದರೆ ಸಾಕಾ?

ಶನಿವಾರದ ರೇಸ್ ಆದಮೇಲೆ ಕಾಲು ಹಗುರವಾಗಲು ಏನು ಮಾಡುತ್ತೀರಿ ಅನ್ನುವುದನ್ನೂ ಬರೆಯಿರಿ. ಶುಕ್ರವಾರ ರಾತ್ರಿಯವರೆಗೂ ಉತ್ತರಗಳನ್ನು ನೋಡುತ್ತಿರುತ್ತೇನೆ.