ಆಫೀಸ್ ಕಂಪ್ಯೂಟರ್‌ಗಳಿಗೆ ವೈರಸ್ ಹೊಕ್ಕಿದೆ, ಮೊದಲು ಏನು ಮಾಡಲಿ?

ಕೇಳಿದವರು, ಗಂಗಾವತಿ:
ನಮ್ಮದು ರೈಸ್ ಮಿಲ್. ಆಫೀಸಿನಲ್ಲಿ 11 ಕಂಪ್ಯೂಟರ್. ಬೆಳಗ್ಗೆಯಿಂದ ಮೂರರಲ್ಲಿ ಫೈಲ್‌ಗಳು ತೆರೆಯುತ್ತಿಲ್ಲ, ಹೆಸರಿನ ಕೊನೆಗೆ ಏನೇನೋ ಅಕ್ಷರ ಸೇರಿವೆ. ದುಡ್ಡು ಕೇಳುವ ಒಂದು ನೋಟ್‌ಪ್ಯಾಡ್ ಫೈಲ್ ಬೇರೆ. ಹೊರಗೆ ನೆಲ್ಲಿನ ಲಾರಿಗಳು ಸಾಲಾಗಿ ನಿಂತಿವೆ. ಮಾಲೀಕರು "ಆಂಟಿವೈರಸ್ ಹಚ್ಚಿ, ಕೆಲಸ ನಿಲ್ಲಬಾರದು" ಅಂತಿದ್ದಾರೆ. ಅನುಭವ ಇದ್ದವರು ಹೇಳಿ.

ರಾಯಚೂರಿನಿಂದ:
ಅಣ್ಣಾ, ಮೊದಲು ಕೇಬಲ್ ಕಿತ್ತುಬಿಡಿ. ಚೆನ್ನಾಗಿರುವ ಎಂಟರದ್ದೂ ಸೇರಿ. ವೈಫೈ ಆಫ್ ಮಾಡಿ. ಉಳಿದದ್ದು ಆಮೇಲೆ ಓದಿ.

ನಾನು ಹತ್ತಿ ಜಿನ್ನಿಂಗ್ ಮಿಲ್ ಒಂದರಲ್ಲಿ ಲೆಕ್ಕ ನೋಡುತ್ತೇನೆ. ನಮಗೆ ಹೀಗಾದಾಗ ಕೇಬಲ್ ಮುಟ್ಟಲಿಲ್ಲ, ಸುಮ್ನೆ ಒಂದೊಂದಕ್ಕೇ ಸ್ಕ್ಯಾನ್ ಹಚ್ಚುತ್ತಾ ಕೂತೆ. ಈ ಟೇಬಲ್ ಮುಗಿಯುವಷ್ಟರಲ್ಲಿ ಶೇರ್ ಫೋಲ್ಡರ್ ಹಿಡಿದು ಅದು ಆ ಟೇಬಲ್ ತಲುಪಿರುತ್ತಿತ್ತು. ಅದಕ್ಕಿಂತ ದೊಡ್ಡ ದಡ್ಡತನ ಇನ್ನೊಂದಿದೆ. ಬ್ಯಾಕಪ್ ಸರಿ ಇದೆಯಾ ನೋಡೋಣ ಅಂತ ಹಾರ್ಡ್ ಡಿಸ್ಕ್ ತಂದು ಸರ್ವರ್‌ಗೆ ಸಿಕ್ಕಿಸಿದೆ. ಚಹಾ ಕುಡಿದು ಬಂದು ನೋಡಿದರೆ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್‌ನ ಬ್ಯಾಕಪ್ ಐಕಾನ್‌ಗಳೆಲ್ಲ ಬಿಳಿ ಹಾಳೆಯಾಗಿದ್ದವು. ಒಂದೂ ತೆರೆಯಲಿಲ್ಲ.

ಉಳಿಸಿದ್ದು ನಮ್ಮ ಆಡಿಟರ್. ಜಿಎಸ್‌ಟಿ ಕೆಲಸಕ್ಕೆ ಹಿಂದಿನ ತಿಂಗಳು ಡೇಟಾ ಒಯ್ದಿದ್ದರು. ನಡುವಿನ 19 ದಿನದ್ದನ್ನು ಬಿಲ್ ಬುಕ್ ಇಟ್ಟುಕೊಂಡು ಮತ್ತೆ ಎಂಟ್ರಿ ಹೊಡೆದೆವು.

ಬಳ್ಳಾರಿಯಿಂದ:
ಲಾರಿ ತೂಗುವ ಕಾಟಾದ ಕಂಪ್ಯೂಟರ್ ನೋಡಿದ್ರಾ? ನಾನು ನೋಡಿದ ಕಡೆಯೆಲ್ಲ ಅದೇ ಹಳೇದು, ವಿಂಡೋಸ್ 7. ಅದಕ್ಕೆ ಮೈಕ್ರೋಸಾಫ್ಟ್ ಅಪ್‌ಡೇಟ್ 2020ರ ಜನವರಿಗೇ ನಿಂತಿದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಇದೇ ತರದ ದುಡ್ಡು ಕೇಳುವ ವೈರಸ್ ಹಬ್ಬಿದ್ದೂ ಹಾಗೇ. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ, ಫೈಲ್ ಶೇರಿಂಗ್‌ನ ಹಳೇ ಎಸ್‌ಎಂಬಿ ದಾರಿಯಲ್ಲಿ ತಾನೇ ಹರಿದಾಡಿತು. ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಇನ್ನೊಂದು, ಮಾಲೀಕರು ಮನೆಯಿಂದ ಟ್ಯಾಲಿ ನೋಡಲಿ ಅಂತ ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್ ತೆರೆದಿಟ್ಟಿದ್ದೀರಾ? ನಮ್ಮಲ್ಲಿ ಕಳ್ಳ ಬಂದದ್ದು ಆ ಬಾಗಿಲಿನಿಂದ. ಪಾಸ್‌ವರ್ಡ್ ಕಂಪನಿ ಹೆಸರು, ಮುಂದೆ 123!

ಕೊಪ್ಪಳದಿಂದ:
ಕೇಬಲ್ ತೆಗೆದ ಮೇಲೆ ಹಾಳಾದ ಕಂಪ್ಯೂಟರ್‌ಗಳನ್ನು ಗಡಿಬಿಡಿಯಲ್ಲಿ ಆಫ್ ಮಾಡಬೇಡಿ, ಫಾರ್ಮ್ಯಾಟ್ ಅಂತೂ ಈಗಲೇ ಬೇಡ. ಕೆಲವು ಸಲ ಮೆಮೊರಿಯಲ್ಲಿ ಸುಳಿವು ಉಳಿದಿರುತ್ತದೆ. ಕೇಬಲ್ ಕೈಗೆ ಸಿಗದಿದ್ದರೆ ಮಾತ್ರ ಪವರ್ ತೆಗೆಯಿರಿ. ಆ ನೋಟಿನ ಫೋಟೋ ಹೊಡೆದುಕೊಳ್ಳಿ. ನೋ ಮೋರ್ ರ್ಯಾನ್ಸಮ್ ಎಂಬ ತಾಣದಲ್ಲಿ ಕೆಲವು ಜಾತಿಯ ವೈರಸ್‌ಗಳು ಲಾಕ್ ಮಾಡಿದ ಫೈಲ್ ತೆರೆಯುವ ಬೀಗದ ಕೈ ಪುಕ್ಕಟೆ ಸಿಗುತ್ತದೆ. ಎಲ್ಲದಕ್ಕೂ ಇಲ್ಲ, ಆದರೂ ನೋಡಿ. ದುಡ್ಡು ಕೊಟ್ಟರೆ ಫೈಲ್ ಬಂದೇ ಬರುತ್ತದೆ ಅಂತೇನಿಲ್ಲ.

ಕಂಪನಿ ಅಂದ ಮೇಲೆ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, 2022ರಿಂದ ಆ ನಿಯಮ ಇದೆ. ಪೊಲೀಸ್ ದೂರೂ ಕೊಡಿ. ಮತ್ತೆ ಜೋಡಿಸುವಾಗ ವಿಂಡೋಸ್ ಹೊಸದಾಗಿ ಹಾಕಿ, ಅಪ್‌ಡೇಟ್ ಮಾಡಿ, ಪಾಸ್‌ವರ್ಡ್ ಎಲ್ಲ ಬದಲಿಸಿ ಒಂದೊಂದಾಗಿ ಸೇರಿಸಿ.

ಕೇಳಿದವರು, ಗಂಗಾವತಿ:
ಹನ್ನೊಂದೂ ಕಿತ್ತಿದ್ದೇನೆ. ಕಾಟಾ ಚೀಟಿ ಕಾರ್ಬನ್ ಇಟ್ಟು ಕೈಯಲ್ಲೇ ಬರೆಯುತ್ತಿದ್ದೇವೆ, ಡ್ರೈವರ್‌ಗಳು ಬೈಯುತ್ತಿದ್ದಾರೆ. ರಿಮೋಟ್ ಪೋರ್ಟ್ ತೆರೆದೇ ಇತ್ತು. ಬ್ಯಾಕಪ್ ಡಿಸ್ಕ್ ಮಾಲೀಕರ ಮನೆಯ ಬೀರುವಿನಲ್ಲಿದೆ. ಅದನ್ನು ತಗೊಂಡು ಹೊರಟಿದ್ದರಂತೆ, ಫೋನ್ ಮಾಡಿ ದಾರಿಯಿಂದಲೇ ವಾಪಸ್ ಕಳಿಸಿದೆ.